ಬ್ಯಾಡ್ಜ್ ಹಾಕಿಕೊಂಡ ಹುಡುಗಿಯರು

ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಶಾಲೆ ಅಂದರೆ ಶಿಸ್ತು, ಮೌನ, ಇಸ್ತ್ರಿ ಮುರಿಯದ ಯೂನಿಫಾರ್ಮು ಅಂತ ಹೊರಗಿನವರು ತಿಳಿದಿರುತ್ತಾರೆ. ಒಳಗಿರುವ ನಮಗೆ ಗೊತ್ತು, ಯಾವುದಾದರೂ ವಾರ ನಗುವಂಥದ್ದೇನೂ ನಡೆಯಲಿಲ್ಲ ಅಂದರೆ ಆ ವಾರ ಶಾಲೆಗೆ ರಜೆ ಇತ್ತು ಅಂತ ಅರ್ಥ.

ನಾನು ಯಲಹಂಕದ ಕಡೆ ಇರುವ ಅಂಥದೊಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹುಟ್ಟಿದ್ದು ಗದಗದ ಕಡೆ, ಮನೆ ಮತ್ತಿಕೆರೆ. ಪಾಠದ ಜೊತೆಗೆ ಶಾಲೆಯ ಎಲ್ಲ ಕ್ಲಬ್ಬುಗಳೂ, ವಿದ್ಯಾರ್ಥಿ ಕೌನ್ಸಿಲ್ಲೂ ನನ್ನ ತಲೆ ಮೇಲೇ ಇವೆ. ಅವು ಹೇಗೆ ನನ್ನ ತಲೆ ಮೇಲೆ ಬಂದವು ಅಂದರೆ, ಒಂದು ಸ್ಟಾಫ್ ಮೀಟಿಂಗಿನ ನಡುವೆ ನೀರು ಕುಡಿಯಲು ಎದ್ದು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಎಲ್ಲರೂ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

"ನಾನು ಒಪ್ಪಿಕೊಂಡೇ ಇಲ್ಲವಲ್ಲ ಸಿಸ್ಟರ್" ಅಂದೆ.

ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ದನಿ ಎತ್ತರಿಸಿ ಮಾತಾಡಿದ್ದನ್ನು ಒಂದೇ ಒಂದು ಸಲ ಬಿಟ್ಟರೆ ನಾನು ಕೇಳಿಲ್ಲ. "ಬೇಡ ಅಂತಲೂ ಹೇಳಲಿಲ್ಲ ಅಲ್ವಾ ಮಾರಾಯ್ರೇ" ಅಂದು ಮುಂದಿನ ವಿಷಯಕ್ಕೆ ಹೋದರು.

ಅಲ್ಲಿಂದ ಶುರುವಾಯಿತು.

ಚಿಕ್ಕಪ್ಪನ ಫ್ಲೆಕ್ಸ್

ಶಾಲಾ ನಾಯಕಿಯ ಚುನಾವಣೆ ಅಂದರೆ ನಮ್ಮಲ್ಲಿ ಸಣ್ಣ ವಿಷಯ ಅಲ್ಲ. ನಿಯಮಗಳೂ ಇವೆ. ಕೈಯಲ್ಲೇ ಬರೆದ ಒಂದು ಪೋಸ್ಟರ್, ಪ್ರಾರ್ಥನೆ ಸಮಯದಲ್ಲಿ ಒಂದು ಪುಟ್ಟ ಭಾಷಣ, ಅಷ್ಟೇ. ಚಾಕಲೇಟ್ ಹಂಚುವಂತಿಲ್ಲ, ಹೊರಗಿನವರು ಪ್ರಚಾರ ಮಾಡುವಂತಿಲ್ಲ, ಮಾಡಿದರೆ ಅಭ್ಯರ್ಥಿ ಔಟ್.

ಆ ವರ್ಷ ನಿಂತವರಲ್ಲಿ ಒಬ್ಬಳು ಅಬ್ಬಿಗೆರೆ ಕಡೆಯ ಹಳೇ ಮನೆತನದ ಹುಡುಗಿ. ಮೊದಲು ಅವರದು ಹೊಲ, ಈಗ ಅದೇ ಹೊಲದಲ್ಲಿ ಅಪಾರ್ಟ್‌ಮೆಂಟು. ಹುಡುಗಿ ಮಾತ್ರ ಬಹಳ ಸಂಕೋಚದವಳು. ಒಳ್ಳೆಯವಳು ಅಂತ ಇಡೀ ಶಾಲೆಗೆ ಗೊತ್ತು.

ಮತದಾನದ ದಿನ ಬೆಳಗ್ಗೆ ನಾನು ಆಟೋ ಇಳಿದು ನೋಡುತ್ತೇನೆ, ಶಾಲೆಯ ಗೇಟೇ ಕಾಣುತ್ತಿಲ್ಲ! ಗೇಟಿನ ಎದುರಿಗೆ ಗೇಟಿಗಿಂತ ದೊಡ್ಡದೊಂದು ಫ್ಲೆಕ್ಸ್. 'ನಮ್ಮೂರ ಹೆಮ್ಮೆಯ ಕುವರಿ, ಬಡವರ ಬಂಧು, ಶಾಲಾ ನಾಯಕಿ ಸ್ಥಾನದ ಪ್ರಬಲ ಅಭ್ಯರ್ಥಿಗೆ ಹಾರ್ದಿಕ ಶುಭಾಶಯಗಳು.' ಹತ್ತನೇ ಕ್ಲಾಸಿನ ಹುಡುಗಿ ಯಾವ ಬಡವರಿಗೆ ಯಾವಾಗ ಬಂಧುವಾದಳೋ! ಅದರ ಕೆಳಗೆ ಕಪ್ಪು ಕನ್ನಡಕ ಹಾಕಿ ಮೊಬೈಲು ಕಿವಿಗಿಟ್ಟುಕೊಂಡ ಒಬ್ಬರ ಫೋಟೋ ದೊಡ್ಡದಾಗಿತ್ತು. ಅದರ ಸುತ್ತ ಪೇಟ ಕಟ್ಟಿದ ಅಜ್ಜ, ಕತ್ತಿನ ತುಂಬ ಚೈನು ಹಾಕಿದ ಯುವಕರು, ಒಂದು ಕೈಗೂಸು ಸಮೇತ ಇಡೀ ವಂಶವಿತ್ತು. ಕಪ್ಪು ಕನ್ನಡಕದವರು ಫೋಟೋದಿಂದ ಇಳಿದು ಬಂದವರ ಹಾಗೆ ಪಕ್ಕದಲ್ಲೇ ನಿಂತಿದ್ದರು. ಹುಡುಗಿಯ ಚಿಕ್ಕಪ್ಪ, ಬಿಲ್ಡರ್.

"ಎಂಗೈತೆ ಮೇಡಂ?" ಅಂದರು.

ಅಷ್ಟರಲ್ಲಿ ಶಾಲೆಯ ವ್ಯಾನು ಬಂತು. ಹುಡುಗಿ ಇಳಿದಳು, ಫ್ಲೆಕ್ಸ್ ನೋಡಿದಳು, ಅಲ್ಲೇ ಬ್ಯಾಗಿನಲ್ಲಿ ಮುಖ ಮುಚ್ಚಿಕೊಂಡಳು. "ಚಿಕ್ಕಪ್ಪಾ, ನಿಯಮ ಇದೆ. ನನ್ನ ತೆಗೆದು ಹಾಕ್ತಾರೆ" ಅಂತ ಅಳುವುದಕ್ಕೇ ಶುರು. ಎದುರು ಪಕ್ಷದ ಹುಡುಗಿಯರು ಆಗಲೇ ಸಿಸ್ಟರ್ ಬಳಿಗೆ ಓಡಿದ್ದರು.

ಸಿಸ್ಟರ್ ಬಂದರು. ಕನ್ನಡಕ ಸರಿಮಾಡಿಕೊಂಡು ಫ್ಲೆಕ್ಸನ್ನು ಆ ತುದಿಯಿಂದ ಈ ತುದಿಯವರೆಗೆ ಓದಿದರು. ಕೊನೆಗೆ ಕೇಳಿದರು: "ಇದರಲ್ಲಿ ನಮ್ಮ ಹುಡುಗಿ ಯಾವುದು?"

ನಾವೆಲ್ಲ ಹುಡುಕಿದೆವು. ಚಿಕ್ಕಪ್ಪನೂ ಹುಡುಕಿದರು. ಹುಡುಗಿಯ ಫೋಟೋ ಇರಲಿಲ್ಲ. ಹೆಸರೂ ಇರಲಿಲ್ಲ.

"ಜಾಗ ಸಾಲ್ಲಿಲ್ಲ ಸಿಸ್ಟರ್" ಅಂದರು ಚಿಕ್ಕಪ್ಪ ಸ್ವಲ್ಪ ನಾಚಿ. "ಅಣ್ತಮ್ಮಂದಿರನ್ನ ಬಿಟ್ರೆ ಬೇಜಾರ್ ಮಾಡ್ಕತ್ತಾರೆ. ಇವ್ಳು ಮನೆ ಮಗ್ಳು ಅಲ್ವಾ, ಏನೂ ಅನ್ಕಳಲ್ಲ ಅಂತ ಬಿಟ್ವಿ."

ಸಿಸ್ಟರ್ ದೂರು ತಂದಿದ್ದ ಹುಡುಗಿಯರ ಕಡೆ ತಿರುಗಿ ಶಾಂತವಾಗಿ ಹೇಳಿದರು: "ಇದರಲ್ಲಿ ನಮ್ಮ ಅಭ್ಯರ್ಥಿಯೇ ಇಲ್ಲ. ಹಾಗಾದರೆ ಇದು ಅವಳ ಪ್ರಚಾರ ಹೇಗೆ ಆಗ್ತದೆ? ಇದು ಇವರ ಕುಟುಂಬದ ಫೋಟೋ. ತೆಗೆದುಕೊಂಡು ಹೋಗಿ, ಮನೆಯಲ್ಲಿ ಹಾಕಿ, ಚಂದ ಉಂಟು."

ಅವತ್ತು ಪ್ರಾರ್ಥನೆಯಲ್ಲಿ ಆ ಸಂಕೋಚದ ಹುಡುಗಿ ಮೈಕ್ ಮುಂದೆ ನಿಂತು ಹೇಳಿದ್ದು ಇಷ್ಟೇ: "ಫ್ಲೆಕ್ಸ್‌ನಲ್ಲಿ ನಾನಿರಲಿಲ್ಲ. ಆದ್ರೆ ನಿಮಗೆ ಏನಾದ್ರೂ ಬೇಕಾದಾಗ ನಾನಿರ್ತೀನಿ." ಇಡೀ ಮೈದಾನ ಕೂಗಿತು. ದೊಡ್ಡ ಅಂತರದಲ್ಲಿ ಗೆದ್ದಳು.

ಸಂಜೆ ಚಿಕ್ಕಪ್ಪ ಮೈಸೂರು ಪಾಕಿನ ಡಬ್ಬ ಹಿಡಿದು ಮತ್ತೆ ಬಂದರು. "ನೋಡಿದ್ರಾ ಮೇಡಂ ಫ್ಲೆಕ್ಸ್ ಪವರ್ರು! ಫೋಟೋ ಇಲ್ದೇನೇ ಇಂಗೆ ಗೆದ್ಲು. ಫೋಟೋನೂ ಆಕಿದ್ರೆ ಎಂಗಿರ್ತಿತ್ತು ಯೋಚ್ನೆ ಮಾಡಿ!"

ಪ್ರತಿಜ್ಞೆ

ಚುನಾವಣೆ ಆದಮೇಲೆ ಪದಗ್ರಹಣ. ನಾಯಕಿಯರಿಗೆಲ್ಲ ಅಡ್ಡಪಟ್ಟಿ, ಬ್ಯಾಡ್ಜು. ತಂದೆ ತಾಯಂದಿರು ಸಾಲಾಗಿ ಕೂತಿರುತ್ತಾರೆ. ಮುಖ್ಯ ಅತಿಥಿ ಆ ಸಲ ಒಬ್ಬ ಪೊಲೀಸ್ ಅಧಿಕಾರಿ. ಸಿಸ್ಟರ್ ಒಂದೊಂದೇ ಸಾಲು ಹೇಳಿಕೊಡಬೇಕು, ಕೌನ್ಸಿಲ್ಲಿನ ಹುಡುಗಿಯರು ಬಲಗೈ ಮುಂದಕ್ಕೆ ಚಾಚಿ ಅದನ್ನೇ ಹೇಳಬೇಕು. ನಾನು ಒಂದು ವಾರ ತಾಲೀಮು ಕೊಟ್ಟಿದ್ದೆ. "ಸಿಸ್ಟರ್ ಏನು ಹೇಳ್ತಾರೋ ಅದನ್ನೇ, ಒಂದಕ್ಷರ ಬಿಡದೆ, ಗಟ್ಟಿಯಾಗಿ ಹೇಳಬೇಕು" ಅಂತ ಪ್ರತಿದಿನ ಹೇಳುತ್ತಿದ್ದೆ.

ಸಿಸ್ಟರ್ ಶುರು ಮಾಡಿದರು. "ನಾನು ನನ್ನ ಶಾಲೆಯ ಗೌರವವನ್ನು ಕಾಪಾಡುತ್ತೇನೆ."

"ನಾನು ನನ್ನ ಶಾಲೆಯ ಗೌರವವನ್ನು ಕಾಪಾಡುತ್ತೇನೆ!"

"ನನಗೆ ವಹಿಸಿದ ಕರ್ತವ್ಯವನ್ನು..." ಅನ್ನುವಾಗ ಮೈಕು ಕೊಂಯ್ ಅಂತು. ಸಿಸ್ಟರ್ ಅದನ್ನು ಬೆರಳಲ್ಲಿ ತಟ್ಟಿ, "ಎಂತ ಇದು ಮಾರಾಯ್ರೇ?" ಅಂದರು.

"ಎಂತ ಇದು ಮಾರಾಯ್ರೇ!" ಅಂದರು ಹುಡುಗಿಯರು ಕೈ ಚಾಚಿಕೊಂಡೇ.

ಸಿಸ್ಟರಿಗೆ ಗಾಬರಿ. "ಇದನ್ನು ಹೇಳಬೇಡಿ."

"ಇದನ್ನು ಹೇಳಬೇಡಿ!"

ನಮ್ಮ ಪಿಟಿ ಮೇಷ್ಟ್ರು, ಇಡೀ ಶಾಲೆಗೆ ಇರುವ ಒಬ್ಬರೇ ಗಂಡು ಟೀಚರು, ಮೈಕು ಸರಿಮಾಡಲು ವೇದಿಕೆ ಹಿಂದಿನಿಂದ ಬಗ್ಗಿ ಬಂದರು. ಸಿಸ್ಟರ್ ಅವರನ್ನು ನೋಡಿ ಕೂಗಿದರು: "ಆ ವಯರ್ ಮುಟ್ಟಬೇಡಿ!"

"ಆ ವಯರ್ ಮುಟ್ಟಬೇಡಿ!" ಕೌನ್ಸಿಲ್ ಗುಡುಗಿತು.

"ಅಯ್ಯೋ ಯೇಸುವೇ" ಅಂದರು ಸಿಸ್ಟರ್, ಕಣ್ಣು ಮುಚ್ಚಿ.

"ಅಯ್ಯೋ ಯೇಸುವೇ!" ಅಂತ ಹುಡುಗಿಯರು ಭಕ್ತಿಯಿಂದ ಹೇಳಿದ್ದು ನೋಡಿ ಮುಂದಿನ ಸಾಲಿನ ಪೋಷಕರು ಇದೂ ಪ್ರಾರ್ಥನೆಯೇ ಇರಬೇಕೆಂದು ಕೈ ಮುಗಿದರು. ಪೊಲೀಸ್ ಅಧಿಕಾರಿ ಎದ್ದು ನಿಂತು ಸೆಲ್ಯೂಟ್ ಹೊಡೆದರು.

ಆ ವರ್ಷದ ಕೌನ್ಸಿಲ್ಲು ಉಳಿದ ಪ್ರತಿಜ್ಞೆಗಳನ್ನು ಎಷ್ಟು ಪಾಲಿಸಿತೋ ನಾನು ಹೇಳಲಾರೆ. ವಯರನ್ನು ಮಾತ್ರ ಒಬ್ಬಳೂ ಮುಟ್ಟಲಿಲ್ಲ.

ಶುದ್ಧ ಕನ್ನಡದ ದಿನ

ಕನ್ನಡ ಸಂಘದ ಕಾರ್ಯದರ್ಶಿಗೆ ಒಂದು ಉಪಾಯ ಹೊಳೆಯಿತು. ನವೆಂಬರಿನಲ್ಲಿ ಒಂದು ದಿನ ಇಡೀ ಶಾಲೆ ಶುದ್ಧ ಕನ್ನಡದಲ್ಲಿ ಮಾತಾಡಬೇಕು, ಒಂದೇ ಒಂದು ಇಂಗ್ಲಿಷ್ ಪದ ಬರಬಾರದು. ನನಗೆ ಬಹಳ ಸಂತೋಷವಾಯಿತು.

ಆ ದಿನ ಬೆಳಗ್ಗೆ ಒಂಬತ್ತನೇ ಕ್ಲಾಸಿಗೆ ಹೋದೆ. ಸಾಮಾನ್ಯವಾಗಿ ಮೀನು ಮಾರ್ಕೆಟ್ಟಿನಂತಿರುವ ಕ್ಲಾಸು ಸೂಜಿ ಬಿದ್ದರೂ ಕೇಳುವಂತಿತ್ತು. ಎಲ್ಲರೂ ಬಾಯಿ ಬಿಗಿಹಿಡಿದು ಕೂತಿದ್ದಾರೆ. ವರಾಂಡದಲ್ಲೂ ಸದ್ದಿಲ್ಲ, ಊಟದ ಹೊತ್ತಿನಲ್ಲೂ ಸದ್ದಿಲ್ಲ. ಒಬ್ಬಳು ಗೆಳತಿಯ ಡಬ್ಬಿಯಿಂದ ನೂಡಲ್ಸ್ ಬೇಕೆಂದು ಕೈಸನ್ನೆ ಮಾಡುತ್ತಿದ್ದಳು.

ಊಟವಾದ ಮೇಲೆ ಮತ್ತೆ ಅದೇ ಕ್ಲಾಸಿಗೆ ಹೋಗಿ, "ಯಾಕ್ರೇ ಯಾರೂ ಮಾತಾಡ್ವಲ್ರಿ?" ಅಂತ ಕೇಳಿದೆ.

ಮೊದಲ ಬೆಂಚಿನ ಹುಡುಗಿ ಎದ್ದು, ಪದ ಪದ ತೂಗಿ, ಕಷ್ಟಪಟ್ಟು ಹೇಳಿದಳು: "ಇವತ್ತು... ಕನ್ನಡ... ಅಲ್ವಾ... ಮಿಸ್." 'ಮಿಸ್' ಅಂದದ್ದು ಇಂಗ್ಲಿಷ್ ಆಯಿತಲ್ಲ ಅಂತ ನಾಲಿಗೆ ಕಚ್ಚಿಕೊಂಡು ಕೂತೇಬಿಟ್ಟಳು.

ನನ್ನ ಎದೆ ಒಡೆದಿತ್ತು. ಸಂಜೆ ಸಿಸ್ಟರ್ ನನ್ನನ್ನು ಕರೆಸಿದರು. ಅವರ ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು. "ಇಷ್ಟು ವರ್ಷದಲ್ಲಿ ಶಾಲೆ ಇಷ್ಟು ಶಾಂತವಾಗಿ ಇದ್ದದ್ದೇ ಇಲ್ಲ. ಎಂಥ ಒಳ್ಳೆಯ ಭಾಷೆ ನಿಮ್ಮದು! ಪ್ರತಿ ವಾರ ಇಟ್ಟುಕೊಳ್ಳಿ ಆಯ್ತಾ?"

ಕೆರೆಯಲ್ಲಿ ಕಂಡದ್ದು

ನಮ್ಮ ಪ್ರಕೃತಿ ಕ್ಲಬ್ಬಿನವರು ವರ್ಷಕ್ಕೊಮ್ಮೆ ಹಕ್ಕಿ ನೋಡಲು ಹತ್ತಿರದ ಕೆರೆಗೆ ಹೋಗುತ್ತಾರೆ. ಒಂದು ಶನಿವಾರ ಬೆಳಗ್ಗೆ ನಾನೂ ಒಂದಷ್ಟು ಹುಡುಗಿಯರೂ ಹೋದೆವು. ದುರ್ಬೀನು ಇದ್ದದ್ದು ಒಂದೇ. ಅದು ಕ್ಲಬ್ಬಿನ ನಾಯಕಿಯ ಕೊರಳಲ್ಲಿತ್ತು. ಏಳನೇ ಕ್ಲಾಸಿನ ಹುಡುಗಿ, ದುಂಡು ಮುಖ, ಹಕ್ಕಿ ಅಂದರೆ ಪ್ರಾಣ.

ಆವತ್ತು ಅವಳಿಗೆ ದಡದ ಹತ್ತಿರವೇ ಒಂದು ನೀರುಕಾಗೆ ಸಿಕ್ಕಿತು. ಕಪ್ಪು ಹಕ್ಕಿ, ಮೈಯೆಲ್ಲ ನೀರಲ್ಲಿ ಮುಳುಗಿಸಿ ಕತ್ತು ಮಾತ್ರ ಹೊರಗಿಟ್ಟು ಈಜುತ್ತದೆ. ಹುಡುಗಿಯರೆಲ್ಲ ಉಸಿರು ಬಿಗಿಹಿಡಿದು ಒಂದೇ ಕಡೆ ನೋಡುತ್ತಾ ನಿಂತರು. ನಾನು ತುಸು ದೂರದಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಎಲ್ಲರ ನೀರಿನ ಬಾಟಲಿ, ಟೋಪಿ ಕಾಯುತ್ತಿದ್ದೆ.

ಬೆಂಗಳೂರಿನಲ್ಲಿ ನಾಲ್ಕು ಜನ ಒಂದೇ ಕಡೆ ನೋಡುತ್ತಾ ನಿಂತರೆ ಐದನೆಯವನು ಬಂದು ನಿಲ್ಲದೆ ಇರುತ್ತಾನೆಯೇ? ವಾಕಿಂಗಿಗೆ ಬಂದ ಒಬ್ಬರು ನಿಂತರು. ಇನ್ನೊಬ್ಬರು ಬಂದು ಅವರನ್ನು "ಏನ್ ಸಮಾಚಾರ?" ಅಂತ ಕೇಳಿದರು. "ಗೊತ್ತಿಲ್ಲ, ನೀರಲ್ಲಿ ಏನೋ ಇದೆಯಂತೆ." ಮೂರನೆಯವರಿಗೆ ಅದು "ನೀರಲ್ಲಿ ಯಾರೋ ಇದ್ದಾರಂತೆ" ಆಯಿತು. ನಾನು ಎದ್ದು ಬರುವಷ್ಟರಲ್ಲಿ ದೊಡ್ಡ ಗುಂಪು. ಯಾರೋ ಪುಣ್ಯಾತ್ಮರು ಪೊಲೀಸರಿಗೆ ಫೋನನ್ನೂ ಮಾಡಿದ್ದರು. ಜೀಪು ಬಂದೇಬಿಟ್ಟಿತು.

ಜೀಪಿನಿಂದ ಇಳಿದ ಪೊಲೀಸರಲ್ಲಿ ಒಬ್ಬರು ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಮೊದಲು ನೋಡಿದ್ದು ಯಾರು?"

"ನಾನು ಸರ್" ಅಂತ ದುಂಡು ಮುಖದವಳು ಕೈ ಎತ್ತಿದಳು. ಪೊಲೀಸರಿಗೂ ಹಕ್ಕಿಯ ಮೇಲೆ ಇಷ್ಟು ಆಸಕ್ತಿಯೇ ಅಂತ ಅವಳಿಗೆ ಖುಷಿ.

ಪಾಪ, ಚಿಕ್ಕ ಮಗು ಇಂಥದ್ದನ್ನು ನೋಡಿತಲ್ಲ ಅಂತ ಅವರು ದನಿ ಮೆತ್ತಗೆ ಮಾಡಿದರು. "ಹೆದರ್ಕೋಬೇಡ ಪುಟ್ಟಾ. ಗಂಡೋ ಹೆಣ್ಣೋ?"

"ಹೇಳೋಕಾಗಲ್ಲ ಸರ್. ಎರಡೂ ನೋಡೋಕೆ ಒಂದೇ ಥರ ಇರುತ್ತೆ."

"ಹೂಂ... ಊದಿಕೊಂಡಿರಬೇಕು" ಅಂದರು ಅವರು ಜೊತೆಯವರಿಗೆ. "ಎಷ್ಟೊತ್ತಿಂದ ನೀರಲ್ಲಿದೆ?"

"ನಾವು ಬಂದಾಗಿಂದ ಇದೆ ಸರ್. ಆವಾಗಾವಾಗ ತಲೆ ಎತ್ತುತ್ತೆ."

ಪೊಲೀಸರು ಎರಡು ಹೆಜ್ಜೆ ಹಿಂದೆ ಸರಿದರು. "ತಲೆ ಎತ್ತುತ್ತಾ?"

"ಎತ್ತಿ ಈ ಕಡೆ ಆ ಕಡೆ ನೋಡಿ ಮತ್ತೆ ಮುಳುಗುತ್ತೆ ಸರ್. ಆಮೇಲೆ ಬಾಯಲ್ಲಿ ಮೀನು ಕಚ್ಕೊಂಡು ಬರುತ್ತೆ."

ಗುಂಪಿನಲ್ಲಿದ್ದ ಒಬ್ಬ ಹಿರಿಯರು "ರಾಮ ರಾಮ" ಅಂದರು. ಅಷ್ಟೊತ್ತಿಗೆ ನಾನು ಬಾಟಲಿಗಳ ಸಮೇತ ಓಡಿ ಬಂದು, "ಹಕ್ಕಿ ರೀ! ಹಕ್ಕಿ ಅದು!" ಅಂತ ಕೂಗಿದೆ. ಅದೇ ಹೊತ್ತಿಗೆ ನೀರುಕಾಗೆಯೂ ನೀರಿನಿಂದ ಎದ್ದು, ಕಲ್ಲಿನ ಮೇಲೆ ಕೂತು, ಎರಡೂ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳತೊಡಗಿತು.

ಪೊಲೀಸರು ಬಹಳ ಹೊತ್ತು ಅದನ್ನೇ ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ. ಅವರು ದುರ್ಬೀನಿಗೆ ಕೈ ಚಾಚಿ, "ಕೊಡು ಪುಟ್ಟಾ ಒಂದ್ನಿಮಿಷ" ಅಂದರು. ಕಣ್ಣಿಗಿಟ್ಟುಕೊಂಡರು. ಸ್ಟೇಷನ್ನಿನಿಂದ ವೈರ್‌ಲೆಸ್ಸಿನಲ್ಲಿ "ಏನಾಯ್ತು ಅಲ್ಲಿ, ಬಾಡಿ ಸಿಕ್ತಾ?" ಅಂತ ಕೇಳಿದಾಗ ದುರ್ಬೀನು ಇಳಿಸದೆಯೇ ಉತ್ತರ ಕೊಟ್ಟರು:

"ಸಿಕ್ಕಿದೆ ಸರ್. ಬಟ್ಟೆ ಒಣಗಿಸ್ಕೊಳ್ತಾ ಇದೆ."

ತಡವಾದವರ ಸಾಲು

ಶಿಸ್ತಿನ ನಾಯಕಿ ಅಂತ ಒಬ್ಬಳಿರುತ್ತಾಳೆ. ಪ್ರಾರ್ಥನೆ ಶುರುವಾದ ಮೇಲೆ ಬಂದವರನ್ನು ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಿಸುವುದು, ಮೈದಾನದ ಕಾಗದದ ಚೂರು ಆರಿಸಲು ಹಚ್ಚುವುದು ಅವಳ ಕೆಲಸ. ಒಂದು ವರ್ಷ ಆ ಜಾಗಕ್ಕೆ ಬಂದವಳು ವಿಜಯಪುರದ ಕಡೆಯ ಹುಡುಗಿ. ಅಪ್ಪ ಫ್ಯಾಕ್ಟರಿಯಲ್ಲಿ ಕೆಲಸಕ್ಕೆಂದು ಬಂದು ಸೋಲದೇವನಹಳ್ಳಿಯಲ್ಲಿ ಮನೆ ಮಾಡಿದ್ದ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಅವಳಿಗೆ ಹೆದರಿ ಟೀಚರುಗಳಾದ ನಾವೂ ಬೇಗ ಬರುತ್ತಿದ್ದೆವು.

ಶಾಲೆಯ ಹಬ್ಬದ ದಿನ. ನಮ್ಮ ಸಿಸ್ಟರುಗಳ ಸಂಸ್ಥೆಗೆಲ್ಲ ಹಿರಿಯರಾದ ಮದರ್ ಮುಖ್ಯ ಅತಿಥಿ. ಸಿಸ್ಟರುಗಳನ್ನು ಬಿಟ್ಟರೆ ಅವರನ್ನು ಬೇರೆ ಯಾರೂ ನೋಡಿರಲಿಲ್ಲ. ದೊಡ್ಡ ಗೇಟಿನಲ್ಲಿ ಬ್ಯಾಂಡ್ ಸೆಟ್ಟು, ಹೂಗುಚ್ಛ, ಸಿಸ್ಟರ್, ನಾವೆಲ್ಲ ಕಾಯುತ್ತಾ ನಿಂತೆವು. ಹೊತ್ತಾಯಿತು, ಮದರ್ ಬರಲಿಲ್ಲ. ಮಕ್ಕಳು ಬಿಸಿಲಲ್ಲಿ ನಿಂತಿದ್ದಾರಲ್ಲ ಅಂತ ಒಳಗೆ ಪ್ರಾರ್ಥನೆ ಶುರು ಮಾಡಿಸಿದೆವು.

ಅಲ್ಲಿ ಆದದ್ದೇನೆಂದರೆ, ಮದರ್ ಬಂದ ಟ್ಯಾಕ್ಸಿಯವನು ಅವರನ್ನು ಹಿಂದಿನ ಸಣ್ಣ ಗೇಟಿನಲ್ಲಿ ಇಳಿಸಿ ಹೋಗಿದ್ದ. ಸಾದಾ ಬೂದುಬಣ್ಣದ ಸೀರೆ, ಬೆಳ್ಳಗಾದ ಕೂದಲು, ಕೈಯಲ್ಲೊಂದು ಬಟ್ಟೆ ಚೀಲ. ಯಾವುದೋ ಮಗುವಿನ ಅಜ್ಜಿಯ ಹಾಗೆ ಕಾಣುತ್ತಿದ್ದರಂತೆ. ಗೇಟಿನಲ್ಲಿ ನಮ್ಮ ವಿಜಯಪುರದವಳು.

"ಅಜ್ಜಿ, ಪ್ರಾರ್ಥನಾ ಶುರು ಆಗೇತ್ರಿ. ಈಗ ಒಳಗ ಬಿಡಂಗಿಲ್ಲ."

"ಹೆಬ್ಬಾಳದಲ್ಲಿ ತುಂಬಾ ಜಾಮ್ ಆಗಿತ್ತು ಮಗಳೇ" ಅಂದರು ಮದರ್.

"ಎಲ್ಲಾರೂ ಅದನ್ನ ಹೇಳ್ತಾರ್ರಿ. ಹೆಬ್ಬಾಳದಾಗ ಜಾಮ್ ಇಲ್ಲದ ದಿನಾ ಯಾವುದೈತಿ ಹೇಳ್ರಿ? ಮನೀ ಸ್ವಲ್ಪ ಲಗೂ ಬಿಡಬೇಕ್ರಿ."

"ಅದು ನಿಜ" ಅಂದರಂತೆ ಮದರ್. ಸೀದಾ ಹೋಗಿ ಬೇವಿನ ಮರದ ಕೆಳಗೆ, ಮೂರನೇ ಕ್ಲಾಸಿನ ಒಬ್ಬಳ ಹಿಂದೆ ಸಾಲಿನಲ್ಲಿ ನಿಂತರು. ಆಮೇಲೆ ಸಾಲು ಕಾಗದ ಆರಿಸಲು ಹೊರಟಿತು. "ಅಜ್ಜಿ, ನಿಮಗ ಬಗ್ಗಾಕ ಆಗಂಗಿಲ್ಲ, ನೀವು ಬುಟ್ಟಿ ಹಿಡ್ಕೋರಿ ಸಾಕು" ಅಂತ ನಮ್ಮ ನಾಯಕಿ ರಿಯಾಯಿತಿಯನ್ನೂ ಕೊಟ್ಟಳು.

ಮದರ್ ಎಲ್ಲಿ ಅಂತ ಹುಡುಕುತ್ತಾ ಸಿಸ್ಟರ್ ಹಿತ್ತಲ ಕಡೆ ಬಂದು ನೋಡಿದಾಗ ಅವರು ಕಸದ ಬುಟ್ಟಿ ಹಿಡಿದು ನಿಂತಿದ್ದರು. ಸಿಸ್ಟರ್ "ಮದರ್!" ಅಂತ ಓಡಿ ಹೋಗಿ ಬುಟ್ಟಿಗೆ ಕೈ ಚಾಚಿದರು. ವಿಷಯ ತಿಳಿದ ಹುಡುಗಿ ಬಿಳಿಚಿಕೊಂಡಳು. ಬ್ಯಾಡ್ಜಿಗೆ ಕೈ ಹಾಕಿ, ತಾನೇ ಬಿಚ್ಚಿ ಕೊಡಲು ಪಿನ್ನು ತಡಕುತ್ತಿದ್ದಳು.

ಮದರ್ ಬುಟ್ಟಿ ಕೆಳಗಿಟ್ಟು, ಅವಳ ಬ್ಯಾಡ್ಜನ್ನು ಮತ್ತೆ ಸರಿಯಾಗಿ ಚುಚ್ಚಿದರು. "ನಾನು ಹಿರಿಯಳಾದ ಮೇಲೆ ಎಲ್ಲ ಕಡೆಗೂ ತಡವಾಗಿಯೇ ಹೋಗ್ತೇನೆ. ತಡವಾಯಿತು ಅಂತ ಹೇಳಿದವಳು ಇವಳೊಬ್ಬಳೇ" ಅಂದರು.

ಅಂದು ಸಂಜೆ ಎಲ್ಲ ಮುಗಿದ ಮೇಲೆ ಸಿಸ್ಟರ್ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಇನ್ನು ಮುಂದೆ ಮದರ್ ಬಂದರೆ ಒಳಗೆ ಬಿಡಬೇಕು, ಆಯ್ತಾ?"

"ಲೇಟಾಗಿ ಬಂದ್ರೂ ಬಿಡ್ಬೇಕೇನ್ರಿ ಸಿಸ್ಟರ್?"

ಸಿಸ್ಟರ್ ಯೋಚಿಸಿದರು. "ಅದು... ಅವರನ್ನೇ ಕೇಳಿ ಹೇಳ್ತೇನೆ."

ಪೇಶಂಟು

ನಮ್ಮ ಗೈಡ್ಸ್ ದಳದ ಹುಡುಗಿಯರು ಹಿಂದಿನ ವರ್ಷ ಪ್ರಥಮ ಚಿಕಿತ್ಸೆ ಸ್ಪರ್ಧೆಯಲ್ಲಿ ಸೋತಿದ್ದರು. ಕಟ್ಟಿದ ಬ್ಯಾಂಡೇಜು ತೀರ್ಪುಗಾರರ ಎದುರೇ ಸಡಿಲಾಗಿ ಜಾರಿ ಬಿದ್ದಿತ್ತು. ಈ ಸಲ ಹಾಗಾಗಬಾರದು ಅಂತ ದಳದ ನಾಯಕಿ ಹಟ ತೊಟ್ಟಿದ್ದಳು. ಆಳು ಕುಳ್ಳಿ, ನಗುವುದು ಅಪರೂಪ, ಮುಂದೆ ಡಾಕ್ಟರಾಗಬೇಕೆನ್ನುವ ಆಸೆ. ಮನೆಯಲ್ಲಿ ಅಜ್ಜಿ, ತಮ್ಮ, ದಿಂಬು, ಯಾರನ್ನೂ ಬಿಡದೆ ಕಟ್ಟಿ ಕಟ್ಟಿ ಅಭ್ಯಾಸ ಮಾಡಿದ್ದಳು.

ಸ್ಪರ್ಧೆಗೆ ತೀರ್ಪುಗಾರರಾಗಿ ಗೈಡ್ಸ್‌ನ ಮೇಲಿನ ಅಧಿಕಾರಿ ಬಂದರು, ಖಡಕ್ ಹೆಂಗಸು. ಪೇಶಂಟು ಯಾರಾಗಬೇಕು? ಪಿಟಿ ಮೇಷ್ಟ್ರು ಉದಾರವಾಗಿ ಒಪ್ಪಿಕೊಂಡರು. ಅವರದು ಅಬ್ಬಿಗೆರೆ ಊರೊಳಗಿನ ಮನೆ, ಪೈಲ್ವಾನರಂಥ ಮೈಕಟ್ಟು. "ಮಕ್ಕಳ್ಗೆ ಒಳ್ಳೇದಾಗೋದಾದ್ರೆ ಇಂಗೆ ಮಲ್ಗಿರ್ತೀನಿ ಬಿಡಿ ಮೇಡಂ. ರೆಸ್ಟೂ ಆಗ್ತದೆ" ಅಂತ ಶಾಲೆಯ ದೊಡ್ಡ ಹಾಲ್‌ನಲ್ಲಿ ಬೆಂಚಿನ ಮೇಲೆ ಅಂಗಾತ ಮಲಗಿದರು.

'ಅಪಘಾತದಲ್ಲಿ ತಲೆ, ದವಡೆ, ಎರಡೂ ಕೈ, ಎರಡೂ ಕಾಲಿಗೆ ಪೆಟ್ಟು' ಅಂತ ಅಧಿಕಾರಿ ಪ್ರಶ್ನೆ ಕೊಟ್ಟರು. ಹುಡುಗಿಯರು ಮುತ್ತಿಕೊಂಡರು. ತಲೆಗೆ ಸುತ್ತು, ದವಡೆ ಅಲ್ಲಾಡದಂತೆ ಗದ್ದದಿಂದ ನೆತ್ತಿಗೆ ಕಟ್ಟು, ಕೈಗಳು ಎದೆಗೆ, ಕಾಲುಗಳಿಗೆ ಎರಡು ಕಡೆ ಮರದ ಸ್ಕೇಲು ಮತ್ತು ಒಂದು ಛತ್ರಿ. ನಿಜವಾಗಿ ಕಾಣಲಿ ಅಂತ ಬೀಟ್‌ರೂಟ್ ರಸ ಬೇರೆ. ಮೇಷ್ಟ್ರದು ಮೂಗು ಮತ್ತು ಕಣ್ಣು ಮಾತ್ರ ಉಳಿಯಿತು. ಅಧಿಕಾರಿ ಪ್ರತಿ ಗಂಟನ್ನೂ ಎಳೆದು ನೋಡಿ, ಮೊದಲ ಬಾರಿಗೆ ಮುಗುಳ್ನಕ್ಕರು.

ಆಗ ಗಂಟೆ ಹೊಡೆಯಿತು.

ಸುರಕ್ಷತಾ ಕ್ಲಬ್ಬಿನವರ ಬೆಂಕಿ ಅಣಕು ಕಾರ್ಯಾಚರಣೆಯೂ ಅವತ್ತೇ ಇತ್ತು. ಮಕ್ಕಳಿಗೆ ಮುಂಚೆ ಹೇಳಬಾರದು ಅಂತ ಸಿಸ್ಟರ್ ಗುಟ್ಟಾಗಿ ಇಟ್ಟಿದ್ದರು. ಎಷ್ಟು ಗುಟ್ಟಾಗಿ ಅಂದರೆ ನನಗೂ ಹೇಳಿರಲಿಲ್ಲ. ಗಂಟೆ ಬಾರಿಸಿದ ಕೂಡಲೇ ಇದ್ದದ್ದನ್ನು ಇದ್ದಲ್ಲೇ ಬಿಟ್ಟು, ತಳ್ಳಾಡದೆ, ಸಾಲಾಗಿ ಮೈದಾನಕ್ಕೆ ಹೋಗಬೇಕು. ನಮ್ಮ ಹುಡುಗಿಯರು ಶಿಸ್ತಿನವರು. ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೋದರು. ಅಧಿಕಾರಿಯೂ ಹೋದರು. ನಾನೂ ಹೋದೆ.

ಮೈದಾನದಲ್ಲಿ ಹಾಜರಿ ತೆಗೆದುಕೊಂಡ ಸುರಕ್ಷತಾ ನಾಯಕಿ ಸಿಸ್ಟರ್ ಮುಂದೆ ಬಂದು, "ಎಲ್ಲರೂ ಸುರಕ್ಷಿತವಾಗಿದ್ದಾರೆ ಸಿಸ್ಟರ್!" ಅಂದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅಷ್ಟರಲ್ಲಿ, ಕಟ್ಟಡದೊಳಗೆ ಯಾರಾದರೂ ಉಳಿದಿದ್ದಾರಾ ಅಂತ ನೋಡಲು, ಕಾರ್ಯಾಚರಣೆಗೆ ಸಿಸ್ಟರ್ ಕರೆಸಿದ್ದ ಅಗ್ನಿಶಾಮಕ ದಳದ ಇಬ್ಬರು ಹಾಲ್ ಹೊಕ್ಕಿದ್ದರು. ಅವರಿಗೆ ಗೈಡ್ಸ್ ವಿಷಯ ಏನು ಗೊತ್ತು? ನೋಡಿದರೆ ಬೆಂಚಿನ ಮೇಲೆ ತಲೆಯಿಂದ ಕಾಲಿನವರೆಗೆ ಕಟ್ಟು ಕಟ್ಟಿದ, ಕೆಂಪು ಸೋರುವ ಒಬ್ಬ ಮನುಷ್ಯ. ಕಣ್ಣು ಹೊರಳಿಸುತ್ತಾ "ಮ್ಮ್! ಮ್ಮ್ಮ್!" ಅನ್ನುತ್ತಿದ್ದಾನೆ.

ಪ್ರದರ್ಶನಕ್ಕೆ ಅಂತ ತಂದಿದ್ದ ಆಂಬುಲೆನ್ಸು ಹೊರಗೆ ತಯಾರಾಗಿತ್ತು. ಸ್ಟ್ರೆಚರು ಓಡುತ್ತಾ ಬಂತು. ಮೇಷ್ಟ್ರು ಒದ್ದಾಡಿದಷ್ಟೂ ಅವರು "ಫಿಟ್ಸ್ ಬರ್ತಿದೆ, ಗಟ್ಟಿಯಾಗಿ ಹಿಡ್ಕೊಳೋ" ಅಂತ ಬೆಲ್ಟು ಬಿಗಿದರು. ಸೈರನ್ ಹೊಡೆದುಕೊಂಡು ಆಂಬುಲೆನ್ಸು ನಮ್ಮ ಎದುರೇ ಗೇಟು ದಾಟಿತು.

ಇಡೀ ಶಾಲೆ ಮತ್ತೆ ಚಪ್ಪಾಳೆ ತಟ್ಟಿತು. "ಎಷ್ಟು ಚಂದ ಮಾಡಿದ್ರು ನೋಡಿ" ಅಂದರು ಸಿಸ್ಟರ್, ಕಣ್ಣರಳಿಸಿ. "ನಿಜವಾಗಿಯೂ ಒಳಗೆ ಯಾರೋ ಇದ್ದ ಹಾಗೆಯೇ!"

ಎಲ್ಲರೂ ಕ್ಲಾಸಿಗೆ ಹೋದ ಮೇಲೆ ಗೈಡ್ಸ್ ನಾಯಕಿ ನನ್ನ ಸೆರಗು ಎಳೆದಳು. "ಮಿಸ್, ನಮ್ಮ ಪೇಶಂಟ್ ಕಾಣ್ತಾ ಇಲ್ಲ."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಅವಳನ್ನೂ ಎಳೆದುಕೊಂಡು ಆಟೋ ಹತ್ತಿ ಹತ್ತಿರದ ಆಸ್ಪತ್ರೆಗೆ ಓಡಿದೆ.

ಎಮರ್ಜೆನ್ಸಿ ವಾರ್ಡಿನಲ್ಲಿ ಮೇಷ್ಟ್ರ ಸುತ್ತ ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು. ಗಂಟು ಬಿಚ್ಚಲು ಹೆಣಗಾಡುತ್ತಿದ್ದರು. ಅಷ್ಟು ದಪ್ಪದ ಬಟ್ಟೆಗೆ ಕತ್ತರಿ ಹಾಕಹೋದರೆ ಮೇಷ್ಟ್ರು ಇನ್ನೂ ಜೋರಾಗಿ "ಮ್ಮ್ಮ್!" ಅನ್ನುತ್ತಿದ್ದರು.

"ಇಷ್ಟು ಬಿಗಿಯಾಗಿ ಯಾವ ಆಸ್ಪತ್ರೆಯಲ್ಲಿ ಕಟ್ಟಿದ್ರು ಇವರಿಗೆ?" ಅಂದರು ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ. ನಮ್ಮನ್ನು ನೋಡಿ, "ಪೇಶಂಟಿಗೆ ನೀವೇನಾಗ್ಬೇಕು?" ಅಂತ ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ನಮ್ಮ ಕುಳ್ಳಿ ಮುಂದೆ ಹೋಗಿ ಅಟೆನ್ಷನ್ನಿನಲ್ಲಿ ನಿಂತಳು. "ನಾನೇ ಡಾಕ್ಟರ್, ಕಟ್ಟಿದ್ದು!"

ಹೇಳಿ, ಬಗ್ಗಿ, ನೆತ್ತಿಯ ಮೇಲಿನ ಗಂಟಿನ ಒಂದು ತುದಿಯನ್ನು ಹೀಗೆ ಎಳೆದಳು. ಇಡೀ ದವಡೆಯ ಕಟ್ಟು ಹೂವಿನ ಹಾಗೆ ಬಿಚ್ಚಿಕೊಂಡಿತು. ಡಾಕ್ಟರು ಬೆರಗಾಗಿ, "ಇನ್ನೊಂದ್ಸಲ ತೋರ್ಸಮ್ಮ" ಅಂದರು. ನರ್ಸುಗಳೂ ಬಗ್ಗಿದರು. ಅವಳು ನಿಧಾನವಾಗಿ ಕೈಯ ಗಂಟು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿ ತೋರಿಸಿದಳು. ಮೇಷ್ಟ್ರು ಸೂರು ನೋಡುತ್ತಾ ಮಲಗಿದ್ದರು.

ಎಲ್ಲ ಬಿಚ್ಚಿದ ಮೇಲೆ ಅವರು ಎದ್ದು ಕೂತರು. ಗದ್ದ ಉಜ್ಜಿಕೊಂಡರು. ಕಾಲಿನ ಪಕ್ಕ ಉಳಿದಿದ್ದ ಛತ್ರಿಯನ್ನು ತೆಗೆದು ಪಕ್ಕಕ್ಕಿಟ್ಟರು. ಹುಡುಗಿ ಅಳುವ ಮುಖ ಮಾಡಿಕೊಂಡು ನನ್ನ ಬೆನ್ನ ಹಿಂದೆ ಸೇರಿದ್ದಳು. ಇನ್ನೇನು ಬಾಯಿಗೆ ಬಂದಂತೆ ಬೈಯುತ್ತಾರೆ ಅಂತ ನಾನು ಕಾಯುತ್ತಿದ್ದೆ.

ಮೇಷ್ಟ್ರು ನನ್ನ ಕಡೆ ನೋಡಿ, ಬಹಳ ಗೌರವದಿಂದ ಹೇಳಿದರು:

"ಮೇಡಂ, ಆ ಗಂಟು ಆಕ್ದೋಳ್ಗೆ ಫಸ್ಟ್ ಪ್ರೈಜ್ ಕೊಡ್ಸಿ, ಅನ್ಯಾಯ ಮಾಡ್ಬ್ಯಾಡಿ. ಆದ್ರೆ ಪ್ರೈಜ್ ಕೊಡೋ ದಿನ ನಂಗೆ ರಜ ಬೇಕು."